ಲಾರಿ ಡ್ರೈವರ್ ಆಗೋದು ಹೇಗೆ? ತಾರಿಹಾಳದ ಗೇಟಿನಿಂದ ಒಂದು ಲೆಕ್ಕ

ನಮ್ಮ ಪತ್ರಿಕೆಯಲ್ಲಿ ಪ್ಲೇಸ್‌ಮೆಂಟ್ ಬಗ್ಗೆ, ಗೇಟ್ ಪರೀಕ್ಷೆ ಬಗ್ಗೆ, ಎಂಎಸ್ ಮಾಡೋಕೆ ಹೊರಗೆ ಹೋಗೋದರ ಬಗ್ಗೆ ಬೇಕಾದಷ್ಟು ಬಂದಿದೆ. ಆದರೆ ರಜೆಗೆ ಊರಿಗೆ ಹೋದಾಗ ನಮ್ಮನ್ನ ಯಾರೂ ಅದನ್ನ ಕೇಳಲ್ಲ. "ನಮ್ಮ ಹುಡುಗ ಪಿಯುಸಿ ಫೇಲಾಗಿ ಕುಂತಾನ. ಲಾರಿ ಹೊಡೀತೀನಿ ಅಂತಾನ. ನೀ ಹುಬ್ಬಳ್ಳ್ಯಾಗ ಓದಾಕತ್ತೀ, ಏನ್ ಮಾಡಬೇಕು ಹೇಳಪಾ" ಅಂತ ಕಾಕಾನೋ ದೊಡ್ಡವ್ವನೋ ಕೇಳ್ತಾರೆ. ನಾವು "ಲೈಸೆನ್ಸ್ ಮಾಡಸ್ರಿ" ಅಂತ ಹೇಳಿ ಜಾರಿಕೊಳ್ತೀವಿ. ಯಾಕಂದ್ರೆ ಅದಕ್ಕಿಂತ ಜಾಸ್ತಿ ನಮಗೂ ಗೊತ್ತಿಲ್ಲ.

ಈ ಲೇಖನ ಆ ಹುಡುಗನಿಗೋಸ್ಕರ. ನೀವು ಓದಿ ಅವನಿಗೆ ಕಳಿಸಿದರೆ ಸಾಕು. ಕೊನೆಯಲ್ಲಿ ಇಂಜಿನಿಯರ್ ಆಗೋ ನಮಗೂ ಒಂದು ಮಾತಿದೆ.

ಮೊದಲು ತಾರಿಹಾಳ ನೋಡಿ

ಇಂಡಸ್ಟ್ರಿಯಲ್ ವಿಸಿಟ್ ಅಂತ ತಾರಿಹಾಳದ ಕೈಗಾರಿಕಾ ಪ್ರದೇಶಕ್ಕೆ ಹೋದವರು ಒಳಗಿನ ಮಷೀನು ನೋಡಿ ಬಂದಿರ್ತೀರಿ. ಈ ಸಲ ಹೋದಾಗ ಗೇಟಿನ ಹೊರಗೆ ಹತ್ತು ನಿಮಿಷ ನಿಂತು ನೋಡಿ. ಲೋಡಿಗೆ ಕಾಯ್ತಾ ನಿಂತಿರೋ ಲಾರಿಗಳು, ತಾಡಪತ್ರಿ ಬಿಗಿಯೋ ಕೈಗಳು, ಕ್ಯಾಬಿನ್ನಿನಲ್ಲಿ ಕಾಲು ಚಾಚಿ ಮಲಗಿದ ಡ್ರೈವರ್. ಹತ್ತಿರದಲ್ಲೇ ಗಬ್ಬೂರಿಂದ ನರೇಂದ್ರದವರೆಗಿನ ಬೈಪಾಸ್. ಪುಣೆಯಿಂದ ಬೆಂಗಳೂರಿಗೆ ಹೋಗೋ ಗಾಡಿ ಎಲ್ಲಾ ಅಲ್ಲೇ ಹಾಯ್ದು ಹೋಗಬೇಕು. ಹುಬ್ಬಳ್ಳಿಯಿಂದ ಅಂಕೋಲಾ, ಕಾರವಾರದ ಕಡೆ ಒಂದು ರಸ್ತೆ, ಗದಗ, ಬಳ್ಳಾರಿ ಕಡೆ ಒಂದು, ವಿಜಯಪುರ, ಸೊಲ್ಲಾಪುರದ ಕಡೆ ಇನ್ನೊಂದು. ಬಂದರು, ಗಣಿ, ಹತ್ತಿ, ಮೆಣಸಿನಕಾಯಿ, ಯಂತ್ರದ ಬಿಡಿಭಾಗ, ಎಲ್ಲಾ ಇಲ್ಲೇ ಕೂಡ್ತವೆ. ವಿಜಯ ಸಂಕೇಶ್ವರ ಅವರು 1976ರಲ್ಲಿ ಗದಗಿನಲ್ಲಿ ಒಂದೇ ಲಾರಿಯಿಂದ ಶುರು ಮಾಡಿದ ವಿಆರ್‌ಎಲ್ ಹುಬ್ಬಳ್ಳಿಯನ್ನೇ ಕೇಂದ್ರ ಮಾಡಿಕೊಂಡು ಬೆಳೆದದ್ದು ಸುಮ್ಮನೆ ಅಲ್ಲ.

ಅಂದ್ರೆ ಇಲ್ಲಿ ಕೆಲಸ ಇದೆ. ಪ್ರಶ್ನೆ ಕೆಲಸದ್ದಲ್ಲ, ಕಲಿಯೋದರದ್ದು. ಲೈಸೆನ್ಸ್ ಸಿಗೋದು ಸುಲಭ. ಆ ಲೈಸೆನ್ಸಿಗೆ ತಕ್ಕ ಕೈ ಬರೋ ಜಾಗ ಮಾತ್ರ ನಮ್ಮ ಕಣ್ಣ ಮುಂದೆಯೇ ಇಲ್ಲವಾಗ್ತಾ ಇದೆ. ಹೊಸಬ ಇದನ್ನ ತಿಳ್ಕೊಂಡು ಹೊರಟರೆ ಮುಂದಿನ ಮೂವತ್ತು ವರ್ಷ ರಸ್ತೆ ಮೇಲೆ ಉಳೀತಾನೆ.

ಕಾಗದದ ದಾರಿ

ಮೊದಲು ಕಾನೂನಿನ ಮೆಟ್ಟಿಲುಗಳು. ಎಲ್ಲಾ 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಇರೋದೇ.

18 ತುಂಬಿದ ಮೇಲೆ ಕಾರು, ಜೀಪು ಓಡಿಸೋ ಎಲ್‌ಎಂವಿ ಲೈಸೆನ್ಸ್. ಎಲ್‌ಎಲ್ ಬಂದ 30 ದಿನದ ನಂತರ ಟೆಸ್ಟ್ ಕೊಡಬಹುದು. ಎಲ್‌ಎಲ್ ನಡೆಯೋದು 6 ತಿಂಗಳು.

ಬಾಡಿಗೆಗೆ ಮಾಲು ಹೊರೋ ಯಾವುದೇ ಗಾಡಿ ಕಾನೂನಿನ ಪ್ರಕಾರ ಟ್ರಾನ್ಸ್‌ಪೋರ್ಟ್ ವಾಹನ. ಅದನ್ನ ಓಡಿಸಬೇಕಂದ್ರೆ 20 ವರ್ಷ ತುಂಬಿರಬೇಕು. ಇದು ಟಾಟಾ ಏಸ್‌ಗೂ ಅನ್ವಯ. "ಛೋಟಾ ಹಾಥಿ ತಾನೇ, ಸಣ್ಣ ಗಾಡಿ" ಅಂತ 18ರ ಹುಡುಗನ ಕೈಗೆ ಸ್ಟೇರಿಂಗ್ ಕೊಡೋ ಮಾಲೀಕರು ಇದ್ದಾರೆ. ಏನಾದರೂ ಆದರೆ ಇನ್ಶೂರೆನ್ಸ್ ಕಂಪನಿ ಮೊದಲು ಹಿಡಿಯೋದೇ ಆ ಎರಡು ವರ್ಷವನ್ನ.

ಟ್ರಾನ್ಸ್‌ಪೋರ್ಟ್ ವಾಹನದ ಎಲ್‌ಎಲ್ ಬೇಕಂದ್ರೆ ಎಲ್‌ಎಂವಿ ಲೈಸೆನ್ಸ್ ಕೈಗೆ ಬಂದು ಕನಿಷ್ಠ ಒಂದು ವರ್ಷ ಆಗಿರಬೇಕು. ಅದಕ್ಕೇ 18ಕ್ಕೇ ಎಲ್‌ಎಂವಿ ಮಾಡಿಸಿಕೊಂಡುಬಿಡೋದು ಒಳ್ಳೇದು. 20ಕ್ಕೆ ಮಾಡಿಸಿದವನು ಮತ್ತೆ ಒಂದು ವರ್ಷ ಕಾಯಬೇಕಾಗ್ತದೆ. ಆಮೇಲೆ ಸಾರಥಿ ಪೋರ್ಟಲ್‌ನಲ್ಲಿ ಅರ್ಜಿ, ವೈದ್ಯರ ಸಹಿ ಇರೋ ಫಾರ್ಮ್ 1ಎ, ಡ್ರೈವಿಂಗ್ ಸ್ಕೂಲಿನ ಫಾರ್ಮ್ 5, ಕೊನೆಗೆ ದೊಡ್ಡ ಗಾಡಿಯಲ್ಲೇ ಟೆಸ್ಟ್. ಈ ಲೈಸೆನ್ಸ್ 5 ವರ್ಷ ನಡೀತದೆ. ಪೆಟ್ರೋಲ್, ಗ್ಯಾಸ್, ಆಸಿಡ್ ಥರದ ಅಪಾಯದ ಮಾಲು ಹೊರಬೇಕಂದ್ರೆ ಬೇರೆ ತರಬೇತಿ ಪಡೆದು ಲೈಸೆನ್ಸಿನಲ್ಲಿ ನಮೂದಿಸಬೇಕು. ಅದರ ಅವಧಿ 3 ವರ್ಷ.

ಎರಡು ವಿಷಯದಲ್ಲಿ ಜನ ಹಳೇ ಮಾತನ್ನೇ ಹೇಳ್ತಾರೆ. ಒಂದು, ಎಂಟನೇ ಕ್ಲಾಸು ಪಾಸಾಗಿರಬೇಕು ಅನ್ನೋದು. ಆ ಷರತ್ತನ್ನ 2019ರಲ್ಲೇ ತೆಗೆದಿದ್ದಾರೆ. ಹಾಗಂತ ಓದು ಬರಹ ಬೇಡ ಅಂತಲ್ಲ, ಅದು ಮುಂದೆ ಗೊತ್ತಾಗ್ತದೆ. ಇನ್ನೊಂದು, ಸಣ್ಣ ಗೂಡ್ಸ್ ಗಾಡಿಗೂ ಬೇರೆ ಲೈಸೆನ್ಸ್ ಬೇಕು ಅನ್ನೋದು. ಒಟ್ಟು ತೂಕ 7,500 ಕೆಜಿ ಒಳಗಿನ ಟ್ರಾನ್ಸ್‌ಪೋರ್ಟ್ ಗಾಡಿಯನ್ನ ಎಲ್‌ಎಂವಿ ಲೈಸೆನ್ಸ್ ಮೇಲೇ ಓಡಿಸಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2024ರ ನವೆಂಬರ್ 6ರಂದು ಐದು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಅದನ್ನೇ ಎತ್ತಿಹಿಡಿಯಿತು. ಹೊಸಬನಿಗೆ ಇದು ಬಹಳ ಉಪಯೋಗದ ತೀರ್ಪು. ಯಾಕೆ ಅಂತ ಮುಂದೆ ಹೇಳ್ತೀನಿ.

ಖಾಲಿಯಾದ ಎಡಗಡೆ ಸೀಟು

ನಮ್ಮ ಅಪ್ಪಂದಿರ ಕಾಲದಲ್ಲಿ ಲಾರಿ ಕಲಿಯೋಕೆ ಯಾರೂ ಸ್ಕೂಲಿಗೆ ಹೋಗ್ತಿರಲಿಲ್ಲ. ಕ್ಲೀನರ್ ಆಗಿ ಹತ್ತುತ್ತಿದ್ದರು. ಗಾಜು ಒರೆಸೋದು, ಟೈರಿಗೆ ರಾಡಿನಿಂದ ಬಡಿದು ಸದ್ದಿನ ಮೇಲೆ ಗಾಳಿ ಅಂದಾಜು ಮಾಡೋದು, ಹಗ್ಗ ಕಟ್ಟೋದು, ರಿವರ್ಸ್ ತಗೊಳ್ಳುವಾಗ ಹಿಂದೆ ನಿಂತು "ಬರ್ಲಿ... ಬರ್ಲಿ..." ಅನ್ನೋದು. ರಾತ್ರಿ ಡ್ರೈವರ್ ಕಣ್ಣು ಎಳೆಯದ ಹಾಗೆ ಮಾತಾಡಿಸ್ತಾ ಕೂಡೋದೂ ಕೆಲಸವೇ. ಎರಡು ಮೂರು ವರ್ಷ ಆದಮೇಲೆ ಖಾಲಿ ರಸ್ತೆ, ಖಾಲಿ ಗಾಡಿ ಸಿಕ್ಕಾಗ ಉಸ್ತಾದ್ ಸ್ಟೇರಿಂಗ್ ಕೊಡ್ತಿದ್ದ. ಬೈಗುಳ, ಹೊಡೆತ, ಕಡಿಮೆ ಪಗಾರ ಎಲ್ಲಾ ಇತ್ತು. ಆ ಪದ್ಧತಿಯನ್ನ ಹೊಗಳಬೇಕಾಗಿಲ್ಲ. ಆದರೆ ಆ ಎಡಗಡೆ ಸೀಟು ನಿಜವಾಗಿ ಒಂದು ಕ್ಲಾಸ್‌ರೂಮ್ ಆಗಿತ್ತು. ಮೂರು ವರ್ಷದಲ್ಲಿ ಎಲ್ಲಾ ಘಟ್ಟ, ಎಲ್ಲಾ ಮಳೆ, ಎಲ್ಲಾ ಥರದ ಲೋಡು ಕಣ್ಣಿಗೆ ಬಿದ್ದಿರ್ತಿತ್ತು.

ಈಗ ಆ ಸೀಟು ಬಹಳಷ್ಟು ಗಾಡಿಯಲ್ಲಿ ಖಾಲಿ. ಬಾಡಿಗೆಯಲ್ಲಿ ಉಳಿಯೋದು ಕಡಿಮೆಯಾದಾಗ ಮಾಲೀಕ ಮೊದಲು ಕೈಬಿಡೋದು ಕ್ಲೀನರ್ ಪಗಾರವನ್ನ. ನ್ಯಾಷನಲ್ ಪರ್ಮಿಟ್ ಗಾಡಿಯಲ್ಲಿ ಇಬ್ಬರು ಡ್ರೈವರ್ ಇರಬೇಕು ಅನ್ನೋ ನಿಯಮ ಮೊದಲಿತ್ತು. ಅದನ್ನೂ 2018ರಲ್ಲಿ ತೆಗೆದರು. ಹೀಗಾಗಿ ಹೊಸ ಹುಡುಗ ಸ್ಕೂಲಿನ ಗಾಡಿಯಲ್ಲಿ, ಲೋಡ್ ಇಲ್ಲದೆ, ಸಪಾಟು ರಸ್ತೆಯಲ್ಲಿ ಕಲಿತು, ಒಮ್ಮೆಲೇ ತುಂಬಿದ ಗಾಡಿಯಲ್ಲಿ ಒಬ್ಬನೇ ಕೂಡ್ತಾನೆ. ಸರ್ಕಾರಿ ಮಾನ್ಯತೆಯ ತರಬೇತಿ ಕೇಂದ್ರಗಳ ನಿಯಮದಲ್ಲೂ (2021ರಿಂದ) ದೊಡ್ಡ ವಾಹನದ ಕೋರ್ಸು ಆರು ವಾರದಲ್ಲಿ 38 ಗಂಟೆ. ಅದು ಒಳ್ಳೇ ಬುನಾದಿ. ಆದರೆ ಹಳೇ ಕ್ಲೀನರ್ 38 ಗಂಟೆಯನ್ನ ಒಂದೇ ಟ್ರಿಪ್ಪಿನಲ್ಲಿ ಮುಗಿಸ್ತಿದ್ದ.

ಹಾಗಾಗಿ ಹೊಸಬನಿಗೆ ಹೇಳಬೇಕಾದ ಮೊದಲ ಮಾತು ಇದು. ಆ ಎಡಗಡೆ ಸೀಟನ್ನ ನೀನೇ ಹುಡುಕಿಕೊಳ್ಳಬೇಕು. 18ರಿಂದ 20ರ ನಡುವೆ ಹೇಗೂ ಎರಡು ವರ್ಷ ಕಾಯಬೇಕು. ಅದನ್ನ ಖಾಲಿ ಬಿಡಬೇಡ. ಕ್ಲೀನರ್ ಇಟ್ಟುಕೊಳ್ಳೋ ಗಾಡಿ ಈಗಲೂ ಇವೆ, ಗುರುತಿನ ಡ್ರೈವರ್ ಜೊತೆ ಹತ್ತು. ಆಗದಿದ್ದರೆ ಗ್ಯಾರೇಜಿನಲ್ಲಿ, ಟೈರಿನ ಅಂಗಡಿಯಲ್ಲಿ, ಟ್ರಾನ್ಸ್‌ಪೋರ್ಟ್ ಗೋಡೌನಿನಲ್ಲಿ ಆರು ತಿಂಗಳು ಕೆಲಸ ಮಾಡು. ಗಾಡಿ ಕೆಳಗೆ ಮಲಗಿ ನೋಡಿದವನಿಗೂ ಮೇಲೆ ಕೂತು ನೋಡಿದವನಿಗೂ ಬಹಳ ಫರಕು ಇರ್ತದೆ.

ಏಣಿ ಹತ್ತೋದು

20 ಆದಮೇಲೆ ನೇರವಾಗಿ 12 ಚಕ್ರಕ್ಕೆ ಹೋಗಬೇಡ. ಮೇಲೆ ಹೇಳಿದ 7,500 ಕೆಜಿ ತೀರ್ಪು ಉಪಯೋಗಕ್ಕೆ ಬರೋದು ಇಲ್ಲಿ. ಪಿಕಪ್ ಅಥವಾ ಸಣ್ಣ ಲಾರಿಯಲ್ಲಿ ಹುಬ್ಬಳ್ಳಿ, ಧಾರವಾಡ, ಗೋಕುಲ ರೋಡ್, ತಾರಿಹಾಳ, ಅಮರಗೋಳ ಎಪಿಎಂಸಿ ಅಂತ ಒಂದು ವರ್ಷ ಓಡಿಸು. ಇಲ್ಲಿ ಕಲಿಯೋದು ಸ್ಪೀಡಲ್ಲ. ಇಕ್ಕಟ್ಟಿನ ಗೇಟಿನಲ್ಲಿ ರಿವರ್ಸು, ಕಾಗದಪತ್ರ, ಹಮಾಲರ ಜೊತೆ ಮಾತು, ಲೋಡು ಹಿಂದೆ ಮುಂದೆ ಆದರೆ ಗಾಡಿ ಹೇಗೆ ವಾಲ್ತದೆ ಅನ್ನೋದು. ರಾತ್ರಿ ಮನೇಲಿ ಮಲಗಬಹುದು ಅನ್ನೋದೂ ಸಣ್ಣ ಲಾಭವಲ್ಲ.

ಆಮೇಲೆ 6 ಚಕ್ರ, 10 ಚಕ್ರ, 12, 14, ಕೊನೆಗೆ ಟ್ರೈಲರ್. ಗಾಡಿಯ ಹೆಸರಿನಲ್ಲೇ ಈ ಏಣಿ ಇದೆ. ಕಂಪನಿಗಳು ಸಾಮಾನ್ಯವಾಗಿ ಮಾಡೆಲ್ ನಂಬರಿನ ಮೊದಲ ಎರಡು ಅಂಕಿಗೆ ಒಟ್ಟು ತೂಕದ ಟನ್ನು, ಮುಂದಿನ ಎರಡಕ್ಕೆ ಹಾರ್ಸ್‌ಪವರಿನ ಹತ್ತರ ಲೆಕ್ಕ ಇಡ್ತಾರೆ. 3518 ಅಂದ್ರೆ ಗಾಡಿ ಮಾಲು ಸೇರಿ 35 ಟನ್, ಸುಮಾರು 180 ಎಚ್‌ಪಿ. 5530 ಅಂದ್ರೆ 55 ಟನ್ನಿನ ಟ್ರೈಲರ್ ಎಳೆಯೋ ಗಾಡಿ. 2018ರಲ್ಲಿ ಆಕ್ಸಲ್ ಮೇಲಿನ ತೂಕದ ಮಿತಿ ಏರಿಸಿದ ಮೇಲೆ ಬಂದ ಅಂಕಿಗಳು ಇವು. ಪ್ರತಿ ಮೆಟ್ಟಿಲಿಗೆ ಒಂದು ವರ್ಷ ಕೊಟ್ಟರೂ 25ನೇ ವಯಸ್ಸಿಗೆ ಟ್ರೈಲರ್ ಓಡಿಸೋ ಯೋಗ್ಯತೆ ಬರ್ತದೆ. ಆತುರ ಬೇಡ.

ಘಟ್ಟ ಇಳಿಯೋ ಲೆಕ್ಕ

ಇಲ್ಲಿ ಸ್ವಲ್ಪ ನಮ್ಮ ಮೊದಲ ವರ್ಷದ ಫಿಸಿಕ್ಸ್. ಹುಬ್ಬಳ್ಳಿಯಿಂದ ಹೊರಟು ಯಲ್ಲಾಪುರ ದಾಟಿದರೆ ಅರಬೈಲ್ ಘಟ್ಟ. ಅಲ್ಲಿಂದ ಕೆಳಗೆ ಅಂಕೋಲಾ. ಯಲ್ಲಾಪುರ ಸಮುದ್ರಮಟ್ಟದಿಂದ ಸುಮಾರು 500 ಮೀಟರ್ ಮೇಲಿದೆ. 35 ಟನ್ನಿನ ಲಾರಿ 500 ಮೀಟರ್ ಕೆಳಗೆ ಇಳಿದರೆ ಎಂಜಿಎಚ್ ಪ್ರಕಾರ 35,000 × 9.8 × 500, ಅಂದ್ರೆ ಸುಮಾರು 17 ಕೋಟಿ ಜೂಲ್. ಗಾಳಿ, ಟೈರು, ಇಂಜಿನ್ ಸ್ವಲ್ಪ ತಿನ್ನುತ್ತವೆ. ಉಳಿದದ್ದೆಲ್ಲಾ ಬ್ರೇಕ್ ಡ್ರಮ್ಮಿನಲ್ಲಿ ಶಾಖ ಆಗಬೇಕು. ಪೂರ್ತಿ ಲೆಕ್ಕ ಹಿಡಿದರೆ ಅದು 500 ಲೀಟರ್ ತಣ್ಣೀರನ್ನ ಕುದಿಸೋಕೆ ಸಾಕಾಗೋ ಶಾಖ. ಡ್ರಮ್ಮು ಕಾದು ಹಿಗ್ಗಿದಾಗ, ಲೈನಿಂಗಿನ ಹಿಡಿತ ಸಡಿಲಾದಾಗ ಪೆಡಲ್ ಎಷ್ಟು ತುಳಿದರೂ ಗಾಡಿ ನಿಲ್ಲಲ್ಲ. ಪೇಪರಿನಲ್ಲಿ "ಬ್ರೇಕ್ ಫೇಲ್" ಅಂತ ಬರೋದರಲ್ಲಿ ಎಷ್ಟೋ ಸಲ ಫೇಲಾಗಿರೋದು ಗೇರಿನ ಆಯ್ಕೆ.

ಹಳೇ ಡ್ರೈವರ್‌ಗಳ ಸೂತ್ರ ಸರಳ. ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು. ಇಂಜಿನ್ನೇ ಗಾಡಿಯನ್ನ ಹಿಡಿದು ನಿಲ್ಲಿಸ್ತದೆ. ಜೊತೆಗೆ ಎಕ್ಸಾಸ್ಟ್ ಬ್ರೇಕ್. ಕಾಲಿನ ಬ್ರೇಕು ಆಗಾಗ ಮಾತ್ರ. ಗೇರು ಇಳಿಸಬೇಕಾದ್ದು ಘಟ್ಟದ ತಲೆಯ ಮೇಲೆ. ಅರ್ಧ ಇಳಿದು ವೇಗ ಬಂದ ಮೇಲೆ ಗೇರು ಬೀಳಲ್ಲ.

ಡೀಸೆಲ್ ಉಳಿಯುತ್ತೆ ಅಂತ ನ್ಯೂಟ್ರಲ್ ಮಾಡಿ ಇಳಿಯೋರಿಗೆ ಇನ್ನೊಂದು ಮಾತು. ಈಗಿನ ಎಲೆಕ್ಟ್ರಾನಿಕ್ ಇಂಜೆಕ್ಷನ್ ಇಂಜಿನ್ ಗೇರಿನಲ್ಲಿ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟರೆ ಡೀಸೆಲ್ಲನ್ನೇ ನಿಲ್ಲಿಸ್ತದೆ. ನ್ಯೂಟ್ರಲ್‌ನಲ್ಲಿದ್ದರೆ ಐಡ್ಲಿಂಗಿಗೆ ಡೀಸೆಲ್ ಕುಡೀತದೆ. ಅಂದ್ರೆ ನ್ಯೂಟ್ರಲ್‌ನಲ್ಲಿ ಜೀವವೂ ಹೋಗ್ತದೆ, ಡೀಸೆಲ್ಲೂ ಹೋಗ್ತದೆ.

ಏರ್ ಬ್ರೇಕಿನ ಬಗ್ಗೆಯೂ ಗೊತ್ತಿರಬೇಕು. ಕಾರಿನಲ್ಲಿ ಪೆಡಲಿನ ಒತ್ತಡ ಎಣ್ಣೆ ಮೂಲಕ ಹೋಗ್ತದೆ. ಲಾರಿಯಲ್ಲಿ ಟ್ಯಾಂಕಿನಲ್ಲಿರೋ ಗಾಳಿ ಕೆಲಸ ಮಾಡ್ತದೆ. ಘಟ್ಟದಲ್ಲಿ ಪದೇ ಪದೇ ಬ್ರೇಕ್ ಪಂಪ್ ಮಾಡಿದರೆ ಟ್ಯಾಂಕ್ ಖಾಲಿ ಆಗ್ತಾ ಬರ್ತದೆ. ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡಿ ಮೀಟರಿನಲ್ಲಿ ಗಾಳಿ ತುಂಬೋವರೆಗೆ ಕಾಯೋದು, ಎಲ್ಲಾದರೂ "ಸುಸ್ಸ್" ಅನ್ನೋ ಸದ್ದು ಬರ್ತಿದೆಯಾ ಅಂತ ಸುತ್ತು ಹೊಡೆದು ಕೇಳೋದು ಇದಕ್ಕೇ. ಆ ಐದು ನಿಮಿಷದಲ್ಲಿ ಟೈರು, ಚಕ್ರದ ನಟ್ಟು, ಲೈಟು, ಹಗ್ಗ, ಆಯಿಲ್, ಬಿಎಸ್6 ಗಾಡಿಯಾದರೆ ಯೂರಿಯಾ ಮಟ್ಟ ಎಲ್ಲಾ ನೋಡಿಬಿಡಬಹುದು.

ಲೋಡಿನ ಮೇಲೆ ಜನರನ್ನ ಕೂರಿಸೋದು ಇನ್ನೊಂದು ರೂಢಿ. 2025ರ ಜನವರಿ 22ರ ಬೆಳಗಿನ ಜಾವ ಸವಣೂರಿನಿಂದ ಕುಮಟಾ ಸಂತೆಗೆ ತರಕಾರಿ ಒಯ್ಯುತ್ತಿದ್ದ ಲಾರಿ ಯಲ್ಲಾಪುರ ತಾಲ್ಲೂಕಿನಲ್ಲಿ ಪಲ್ಟಿಯಾಗಿ 10 ಜನ ಸತ್ತರು. ಎಲ್ಲಾ ಸಂತೆಗೆ ಹೊರಟಿದ್ದ ವ್ಯಾಪಾರಿಗಳು, ದುಡಿಯೋ ಜನ. "ಬಸ್ಸಿಲ್ಲ, ಹತ್ತಿಸ್ಕೋಪಾ" ಅಂತ ಊರಿನವರೇ ಕೇಳಿದಾಗ ಇಲ್ಲ ಅನ್ನೋದು ಕಷ್ಟ. ಆದರೂ ಇಲ್ಲ ಅನ್ನೋದನ್ನ ಹೊಸ ಡ್ರೈವರ್ ಮೊದಲ ದಿನದಿಂದಲೇ ಕಲಿಯಬೇಕು.

ನಿದ್ದೆ

ತಾರಿಹಾಳದ ಪಕ್ಕದ ಬೈಪಾಸಿನ ಕಥೆ ಎಲ್ಲರಿಗೂ ಗೊತ್ತು. ಎರಡೂ ಕಡೆ ಅಗಲವಾದ ಹೆದ್ದಾರಿ, ನಡುವೆ ಸುಮಾರು 30 ಕಿ.ಮೀ. ಮಾತ್ರ ಎದುರುಬದುರು ಗಾಡಿ ಓಡೋ ಎರಡು ಲೇನು ಇತ್ತು. ಅದನ್ನ ಆರು ಲೇನು ಮಾಡೋ ಕೆಲಸಕ್ಕೆ 2022ರಲ್ಲಿ ಅಡಿಗಲ್ಲು ಬಿತ್ತು. ಅದೇ ವರ್ಷ ಮೇ ತಿಂಗಳಲ್ಲಿ ನಡುರಾತ್ರಿ ತಾರಿಹಾಳದ ಹತ್ತಿರವೇ ಖಾಸಗಿ ಬಸ್ಸು ಲಾರಿಗೆ ಡಿಕ್ಕಿಯಾಗಿ ಏಳು ಜನ ಸತ್ತ ಸುದ್ದಿ ಬಂತು.

ಗಂಟೆಗೆ 60 ಕಿ.ಮೀ. ಅಂದ್ರೆ ಸೆಕೆಂಡಿಗೆ ಸುಮಾರು 17 ಮೀಟರ್. ಎರಡು ಸೆಕೆಂಡ್ ಕಣ್ಣು ಮುಚ್ಚಿದರೆ 33 ಮೀಟರ್ ಗಾಡಿ ತನ್ನಷ್ಟಕ್ಕೇ ಹೋಗಿರ್ತದೆ. ರಾತ್ರಿ ಎರಡರಿಂದ ಬೆಳಗಿನ ಐದರವರೆಗೆ ದೇಹ ಯಾರ ಮಾತೂ ಕೇಳಲ್ಲ. ಚಹಾ, ಗುಟ್ಕಾ, ಜೋರು ಹಾಡು ಯಾವುದೂ ನಿದ್ದೆಗೆ ಸಮ ಅಲ್ಲ. ನಿದ್ದೆಗೆ ನಿದ್ದೆಯೇ ಔಷಧಿ, ಇಪ್ಪತ್ತು ನಿಮಿಷದ್ದಾದರೂ ಸರಿ.

ಇದು ಬರೀ ಶಿಸ್ತಿನ ಪಾಠ ಅಲ್ಲ, ಹಕ್ಕಿನ ಮಾತೂ ಹೌದು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ, ಐದು ಗಂಟೆ ಕೆಲಸಕ್ಕೆ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ ಅಂತ ಲೆಕ್ಕ ಹಾಕಿಕೊಟ್ಟಿತ್ತು. ರಸ್ತೆ ಮೇಲೆ ಆ ಲೆಕ್ಕ ಎಲ್ಲೂ ಕಾಣಲ್ಲ. ಆದ್ದರಿಂದ ಕೆಲಸಕ್ಕೆ ಸೇರುವಾಗಲೇ ಕೇಳು: ಈ ಟ್ರಿಪ್ಪಿಗೆ ಎಷ್ಟು ಹೊತ್ತು ಕೊಡ್ತೀರಿ? ಗೂಗಲ್ ಮ್ಯಾಪಿನ ಹೊತ್ತು ಕಾರಿನದ್ದು, ಲಾರಿಯದ್ದಲ್ಲ. ಅದನ್ನೇ ಹಿಡಿದು "ಇಷ್ಟೊತ್ತಿಗೆ ಮುಟ್ಟಬೇಕು" ಅನ್ನೋ ಮಾಲೀಕನ ಗಾಡಿ ಬೇಡ. ಒಂದು ಒಳ್ಳೇ ಬದಲಾವಣೆ ಅಂದ್ರೆ, 2025ರ ಅಕ್ಟೋಬರ್ 1ರಿಂದ ತಯಾರಾಗೋ ಮಧ್ಯಮ ಮತ್ತು ದೊಡ್ಡ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯ. ಬೇಸಿಗೆಯಲ್ಲಿ ವಿಜಯಪುರದ ಕಡೆ ಹೋಗಿ ಬಂದವರಿಗೆ ಇದು ಸೌಖ್ಯದ ಮಾತಲ್ಲ, ಸುರಕ್ಷತೆಯ ಮಾತು ಅಂತ ಗೊತ್ತು.

ಪಗಾರ, ಬತ್ತಾ, ಮೈಲೇಜು

ಪಗಾರ ಎಷ್ಟು ಅನ್ನೋದು ಗಾಡಿ, ದಾರಿ, ಮಾಲೀಕನ ಮೇಲೆ ಬದಲಾಗ್ತದೆ. ಅಂಕಿಗಿಂತ ಮೊದಲು ಅದರ ಜೋಡಣೆ ಕೇಳಬೇಕು. ತಿಂಗಳ ಪಗಾರವೋ, ಟ್ರಿಪ್ಪಿನ ಲೆಕ್ಕವೋ? ಬತ್ತಾ ದಿನಕ್ಕೋ, ಕಿಲೋಮೀಟರಿಗೋ? ಲೋಡಿಗೆ ಕಾಯ್ತಾ ಎರಡು ದಿನ ನಿಂತರೆ ಬತ್ತಾ ಉಂಟೋ ಇಲ್ಲವೋ? ಡೀಸೆಲ್ ಕಡಿಮೆ ಬಿದ್ದರೆ, ಟೈರು ಸಿಡಿದರೆ, ಮಾಲು ತೊಯ್ದರೆ ಯಾರ ತಲೆ ಮೇಲೆ? ಓವರ್‌ಲೋಡಿನ ದಂಡ ಯಾರದು? ಪಿಎಫ್, ಇಎಸ್ಐ ಇದೆಯೋ? ಇವಕ್ಕೆ ಸರಿಯಾಗಿ ಉತ್ತರ ಕೊಡೋ ಕಡೆ ಪಗಾರ ಒಂದೆರಡು ಸಾವಿರ ಕಡಿಮೆ ಇದ್ದರೂ ನಡೀತದೆ. ದೊಡ್ಡ ಅಡ್ವಾನ್ಸ್ ಕೊಡೋ ಕಡೆ ಹುಷಾರು. ಅದು ತೀರೋವರೆಗೆ ಆ ಸ್ಟೇರಿಂಗಿಗೇ ಕಟ್ಟಿಹಾಕಿದ ಹಾಗೆ.

ಒಳ್ಳೇ ಡ್ರೈವರಿಗೆ ಚೌಕಾಸಿ ಮಾಡೋ ಶಕ್ತಿ ಎಲ್ಲಿಂದ ಬರ್ತದೆ ಅಂದ್ರೆ ಮೈಲೇಜಿನಿಂದ. ಬೆಂಗಳೂರಿಗೆ ಹೋಗಿ ಬರೋದು 820 ಕಿ.ಮೀ. ಅಂತ ಇಟ್ಟುಕೊಳ್ಳಿ. ಲೀಟರಿಗೆ 4 ಕಿ.ಮೀ. ಕೊಡೋನು 205 ಲೀಟರ್ ಸುಡ್ತಾನೆ. ಅದೇ ಗಾಡಿಯಲ್ಲಿ ಹಿತವಾಗಿ ಓಡಿಸಿ 4.4 ತೆಗೆಯೋನು 186 ಲೀಟರಿನಲ್ಲಿ ಮುಗಿಸ್ತಾನೆ. ಲೀಟರಿಗೆ 90 ರೂಪಾಯಿ ಹಿಡಿದರೂ ಒಂದು ಟ್ರಿಪ್ಪಿಗೆ 1,700 ರೂಪಾಯಿ ಹತ್ತಿರ ಉಳಿತಾಯ. ಇದನ್ನ ಒಂದು ನೋಟ್‌ಬುಕ್ಕಿನಲ್ಲಿ ಟ್ರಿಪ್ಪಿನ ಪ್ರಕಾರ ಬರೆದಿಟ್ಟುಕೊಂಡ ಹುಡುಗ ಆರು ತಿಂಗಳಾದ ಮೇಲೆ ಮಾಲೀಕನ ಮುಂದೆ ಪಗಾರದ ಮಾತನ್ನ ಧೈರ್ಯವಾಗಿ ಎತ್ತಬಹುದು. ಓದು ಬರಹ ಬೇಕು ಅಂದದ್ದು ಇದಕ್ಕೇ.

ಸ್ವಂತ ಲಾರಿ ಎಲ್ಲರ ಕನಸು. ಒಂದು ಲಾರಿಯಿಂದ ಸಾಮ್ರಾಜ್ಯ ಕಟ್ಟಿದ ಉದಾಹರಣೆ ಇದೇ ಊರಲ್ಲಿದೆ. ಆದರೆ ಲೆಕ್ಕ ನೋಡಿ. 30 ಲಕ್ಷ ಸಾಲ, ಶೇ 10 ಬಡ್ಡಿ, 5 ವರ್ಷ ಅಂದ್ರೆ ತಿಂಗಳಿಗೆ ಸುಮಾರು 64,000 ಕಂತು, ದಿನಕ್ಕೆ 2,100ಕ್ಕೂ ಮೇಲೆ. ಲಾರಿ ಗೇಟಿನ ಮುಂದೆ ನಿಂತ ದಿನವೂ, ಗ್ಯಾರೇಜಿನಲ್ಲಿದ್ದ ದಿನವೂ ಅದು ಓಡ್ತಾ ಇರ್ತದೆ. ಬೇರೆಯವರ ಗಾಡಿಯಲ್ಲಿ ಐದಾರು ವರ್ಷ ದುಡಿದು, ವಾಪಸ್ ಲೋಡು ಕೊಡೋ ಜನರ ಪರಿಚಯ ಆದಮೇಲೆ ಆ ಮಾತು.

ಕಾಗದಪತ್ರ, ದಂಡ, ಅಪಘಾತ

ಗಾಡಿ ಹತ್ತೋ ಮೊದಲು ನೋಡಬೇಕಾದ್ದು: ಆರ್‌ಸಿ, ಎಫ್‌ಸಿ, ಇನ್ಶೂರೆನ್ಸ್, ಪರ್ಮಿಟ್, ಟ್ಯಾಕ್ಸ್, ಎಮಿಷನ್ ಸರ್ಟಿಫಿಕೇಟ್. ಮಾಲಿಗೆ ಇನ್‌ವಾಯ್ಸ್, ಎಲ್‌ಆರ್, 50,000 ರೂಪಾಯಿ ಮೀರಿದ ಸರಕಿಗೆ ಇ-ವೇ ಬಿಲ್. ಇ-ವೇ ಬಿಲ್ಲಿಗೆ ಸಾಮಾನ್ಯ ಗಾಡಿಗೆ 200 ಕಿ.ಮೀ.ಗೆ ಒಂದು ದಿನದ ಲೆಕ್ಕ. ಗಾಡಿ ಕೆಟ್ಟು ನಿಂತರೆ ಅವಧಿ ಮುಗಿಯೋ ಹೊತ್ತಿಗೇ ಆಫೀಸಿಗೆ ಫೋನ್ ಮಾಡಿ ಮುಂದುವರಿಸಲು ಹೇಳಬೇಕು.

ಓವರ್‌ಲೋಡಿಗೆ 2019ರ ತಿದ್ದುಪಡಿಯ ನಂತರ ದಂಡ 20,000 ರೂಪಾಯಿ, ಜೊತೆಗೆ ಹೆಚ್ಚಿನ ಪ್ರತಿ ಟನ್ನಿಗೆ 2,000. ಕಾಯ್ದೆ ಹೊರಿಸಿದವನನ್ನೂ ಹಿಡೀತದೆ, ಓಡಿಸಿದವನನ್ನೂ ಹಿಡೀತದೆ. "ಸಾವ್ಕಾರ್ರು ಹೇಳ್ಯಾರ" ಅನ್ನೋದು ಅಲ್ಲಿ ಉತ್ತರ ಅಲ್ಲ.

ಅಪಘಾತ ಆದರೆ? ಗಾಯಾಳುವಿಗೆ ಚಿಕಿತ್ಸೆ ಕೊಡಿಸೋದು ಡ್ರೈವರ್ ಕರ್ತವ್ಯ. ಆದರೆ ಜನ ರೊಚ್ಚಿಗೆದ್ದು ಅಲ್ಲಿ ನಿಲ್ಲೋಕೆ ಆಗದ ಸಂದರ್ಭ ಇರ್ತದೆ ಅಂತ ಮೋಟಾರು ವಾಹನ ಕಾಯ್ದೆಯ 134ನೇ ಕಲಮೇ ಒಪ್ಪಿಕೊಂಡಿದೆ. ಹಾಗಾದಾಗ ಹತ್ತಿರದ ಪೊಲೀಸ್ ಠಾಣೆಗೆ ಹೋಗು, ಮೊದಲು 112ಕ್ಕೆ ಫೋನ್ ಮಾಡು. 24 ಗಂಟೆಯೊಳಗೆ ಠಾಣೆಗೆ ತಿಳಿಸಲೇಬೇಕು. ಹೇಳದೆ ಓಡಿಹೋದವರಿಗೆ 10 ವರ್ಷದವರೆಗೆ ಶಿಕ್ಷೆ ಅನ್ನೋ ಹೊಸ ಕಲಮಿನ ವಿರುದ್ಧವೇ 2024ರ ಜನವರಿಯಲ್ಲಿ ದೇಶದ ಲಾರಿ ಡ್ರೈವರ್‌ಗಳು ಗಾಡಿ ನಿಲ್ಲಿಸಿದ್ದು. ಆ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಯಾದಾಗ ಆ ಒಂದು ಉಪಕಲಮನ್ನ ತಡೆಹಿಡಿದರು. ಹಾಗಂತ ಓಡಿಹೋಗೋದು ದಾರಿಯಲ್ಲ. ಫೋನಿನ ಕಾಲ್ ಲಾಗೇ ಮುಂದೆ ನಿನ್ನ ಸಾಕ್ಷಿ.

ಎಚ್ಚರದಿಂದ ಇದ್ದವನಿಗೂ ಆಪತ್ತು ತಪ್ಪಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿ ಪಕ್ಕದ ಚಹಾದಂಗಡಿ, ಅಲ್ಲಿ ನಿಂತಿದ್ದ ಲಾರಿಗಳು ಸಿಕ್ಕಿಬಿದ್ದವು. ಕಟ್ಟಿಗೆ ತುಂಬಿದ್ದ ಲಾರಿಯ ಕೇರಳದ ಡ್ರೈವರ್ ಗಂಗಾವಳಿ ನದಿಯಲ್ಲಿ ಸಿಕ್ಕಿದ್ದು ಎರಡು ತಿಂಗಳ ಮೇಲೆ. ಅದಕ್ಕೇ ಮನೆಯವರಿಗೆ ಭದ್ರತೆ ಮೊದಲು ಮಾಡಿಡಬೇಕು. ಮೋಟಾರು ಸಾರಿಗೆ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಕರ್ನಾಟಕ 2024ರಲ್ಲಿ ಕಾಯ್ದೆ ತಂದು ಕಲ್ಯಾಣ ಮಂಡಳಿ ಮಾಡಿದೆ. ಡ್ರೈವರ್, ಕ್ಲೀನರ್, ಗ್ಯಾರೇಜ್ ಮೆಕ್ಯಾನಿಕ್ ಎಲ್ಲರೂ ಅದರ ಒಳಗೆ ಬರ್ತಾರೆ. ನೋಂದಾಯಿಸಿದವರು ಅಪಘಾತದಲ್ಲಿ ತೀರಿಕೊಂಡರೆ ಕುಟುಂಬಕ್ಕೆ 5 ಲಕ್ಷ ಪರಿಹಾರದ ಯೋಜನೆ ಇದೆ. ಕಾರ್ಮಿಕ ಇಲಾಖೆಯಲ್ಲಿ ಹೆಸರು ಬರೆಸೋ ಕೆಲಸವನ್ನ ಲೈಸೆನ್ಸ್ ಬಂದ ವಾರವೇ ಮುಗಿಸು. ಫಾರ್ಮ್ ತುಂಬಿಕೊಡೋದು ನಮ್ಮಂಥವರು ಮಾಡಬಹುದಾದ ಸಣ್ಣ ಸಹಾಯ.

ಗೇಟಿನ ಒಳಗಿರೋ ನಮಗೆ

ನಮ್ಮಲ್ಲಿ ಕೆಲವರು ನಾಳೆ ತಾರಿಹಾಳದಲ್ಲೋ ಬೇಲೂರಿನಲ್ಲೋ ಯಾವುದೋ ಕಾರ್ಖಾನೆಯ ಡಿಸ್ಪ್ಯಾಚ್ ನೋಡಿಕೊಳ್ತೀವಿ. ಬೆಳಿಗ್ಗೆ 9ಕ್ಕೆ ಬಂದ ಲಾರಿಗೆ ಸಂಜೆ 7ಕ್ಕೆ ಲೋಡ್ ಮಾಡಿ, "ಬೆಳಿಗ್ಗೆ ಅಲ್ಲಿರಬೇಕು" ಅಂತ ಹೇಳೋ ಅಧಿಕಾರ ನಮ್ಮ ಕೈಗೆ ಬರ್ತದೆ. ಹಗಲೆಲ್ಲಾ ಬಿಸಿಲಲ್ಲಿ ಕಾದವನು ರಾತ್ರಿಯೆಲ್ಲಾ ಓಡಿಸ್ತಾನೆ. ಬೈಪಾಸಿನಲ್ಲಿ ಅವನ ಕಣ್ಣು ಎಳೆದಾಗ ಆ ಹತ್ತು ಗಂಟೆಯ ಕಾಯುವಿಕೆಯ ಲೆಕ್ಕ ಯಾವ ಎಫ್‌ಐಆರಿನಲ್ಲೂ ಬರಲ್ಲ. ಲೋಡಿಂಗಿಗೆ ಟೈಮ್ ಸ್ಲಾಟ್ ಕೊಡೋದು, ಗೇಟಿನ ಪಕ್ಕ ನೆರಳು, ಕುಡಿಯೋ ನೀರು, ಒಂದು ಶೌಚಾಲಯ ಇಡೋದು, ತೂಕ ಬರೆದಷ್ಟೇ ಹೇರೋದು. ಇವಕ್ಕೆ ದೊಡ್ಡ ಬಂಡವಾಳ ಬೇಡ.

ಊರಿನ ಹುಡುಗನಿಗೆ ಕೊನೆಯದಾಗಿ ಹೀಗೆ ಹೇಳಿ: 18ಕ್ಕೆ ಎಲ್‌ಎಂವಿ ಮಾಡಿಸು, ಎರಡು ವರ್ಷ ಯಾರದಾದರೂ ಎಡಗಡೆ ಸೀಟಿನಲ್ಲಿ ಕೂತು ಕಲಿ, ಸಣ್ಣ ಗಾಡಿಯಿಂದ ಏಣಿ ಹತ್ತು, ಘಟ್ಟದ ತಲೆಯಲ್ಲೇ ಗೇರು ಇಳಿಸು, ನಿದ್ದೆ ಬಂದರೆ ನಿಲ್ಲಿಸು. ಮುಂದೆ ನೀನು ಉಸ್ತಾದ್ ಆದಾಗ ಆ ಎಡಗಡೆ ಸೀಟಿಗೆ ಒಬ್ಬ ಹುಡುಗನನ್ನ ಹತ್ತಿಸ್ಕೋ. ಬೈಯದೆ ಕಲಿಸು.